ನಿಮಗಿದು ಗೊತ್ತೇ? ಒಂದೇ ಹಾಡು, ಬೆಂಗಳೂರಿನಿಂದ ಎಷ್ಟು ಸಲ ಬರಬೇಕು?

ವಿಡಿಯೊ ನಡುವೆ ನಿಂತು ಚಕ್ರ ಸುತ್ತತೊಡಗಿದರೆ ನಾವೆಲ್ಲ ಬೈಯುವುದು ಟವರನ್ನು. ಎಷ್ಟೋ ಸಲ ಟವರಿನ ತಪ್ಪೇ ಇರುವುದಿಲ್ಲ. ನೀವು ಕೇಳಿದ್ದು ಎಲ್ಲಿದೆ, ಎಷ್ಟು ದೂರದಿಂದ ಬರಬೇಕು ಎಂಬುದರ ಮೇಲೆ ಅರ್ಧ ಕಥೆ ನಿಂತಿರುತ್ತದೆ. ಜನ ಪದೇ ಪದೇ ಕೇಳುವುದರ ಒಂದು ಪ್ರತಿಯನ್ನು ಹತ್ತಿರದಲ್ಲೇ ತಂದಿಟ್ಟುಕೊಳ್ಳುವ ಉಪಾಯಕ್ಕೆ ಕ್ಯಾಶ್ ಎನ್ನುತ್ತಾರೆ. ಈ ಸಲ ಶಿವಮೊಗ್ಗ, ಭದ್ರಾವತಿಯಲ್ಲಿ ಕೂತು ಅದರ ಲೆಕ್ಕ ನೋಡೋಣ.

◆ ಭದ್ರಾವತಿ ಆಕಾಶವಾಣಿ ಶುರುವಾದದ್ದು 1965ರಲ್ಲಿ. 675 ಕಿಲೋಹರ್ಟ್ಸ್ ಎಂದರೆ ಮಲೆನಾಡಿನ ಹಳಬರಿಗೆ ಈಗಲೂ ಕಿವಿ ನೆಟ್ಟಗಾಗುತ್ತದೆ. ಆ ತರಂಗದಲ್ಲಿ ಬಂದ ಚಿತ್ರಗೀತೆಯನ್ನು ಒಬ್ಬರು ಕೇಳಿದರೂ ಅಷ್ಟೇ, ಲಕ್ಷ ಜನ ಕೇಳಿದರೂ ಅಷ್ಟೇ, ಪ್ರಸಾರಕ್ಕೆ ಒಂದು ಚೂರೂ ಹೆಚ್ಚಿನ ಹೊರೆ ಇಲ್ಲ. ಮೊಬೈಲ್ ಇಂಟರ್‌ನೆಟ್ ಹಾಗಲ್ಲ. ಭದ್ರಾವತಿ ನ್ಯೂಟೌನಿನಲ್ಲಿ ನೂರು ಮಂದಿ ಅದೇ ಹಾಡನ್ನು ಮೊಬೈಲಿನಲ್ಲಿ ಹಾಕಿದರೆ ನೂರು ಪ್ರತಿಗಳು ಬೇರೆ ಬೇರೆಯಾಗಿ ಹೊರಟು ಬರುತ್ತವೆ. ಅಕ್ಕಪಕ್ಕದ ಮನೆಯವರು ಒಂದೇ ಕ್ಷಣದಲ್ಲಿ ಒತ್ತಿದರೂ ಎರಡು ಪ್ರತಿಯೇ. ಈ ಒಂದು ವಿಷಯದಲ್ಲಿ ಹಳೆಯ ರೇಡಿಯೊ ಇಂದಿನ ಸ್ಮಾರ್ಟ್‌ಫೋನಿಗಿಂತ ಜಾಣ.

◆ ಒಂದು ಸಿನಿಮಾ ಒಂದೂವರೆ ಜಿಬಿ ಎಂದಿಟ್ಟುಕೊಳ್ಳಿ. ಭಾನುವಾರ ಸಂಜೆ ಎರಡೂ ಊರು ಸೇರಿ 500 ಮಂದಿ ಅದನ್ನು ನೋಡಿದರು. ಬೆಂಗಳೂರಿನಿಂದಲೇ ಬರಬೇಕಾದರೆ ಕೇಬಲ್ಲಿನಲ್ಲಿ 750 ಜಿಬಿ ಹರಿಯಬೇಕು. ಶಿವಮೊಗ್ಗದಲ್ಲಿ ಒಂದು ಪ್ರತಿ ಇದ್ದು, ಅಲ್ಲಿಂದಲೇ ಹಂಚಲು ಆದರೆ ಒಂದೂವರೆ ಜಿಬಿ, ಅದೂ ಒಂದೇ ಸಲ. ಆದರೆ ಮರೆಯಬೇಡಿ: ಟವರಿನಿಂದ ಫೋನಿನವರೆಗಿನ ಕೊನೆಯ ಒಂದೆರಡು ಕಿಲೋಮೀಟರಿನಲ್ಲಿ ಆಗಲೂ 500 ಪ್ರತಿಗಳೇ ಹೋಗಬೇಕು. ಕ್ಯಾಶ್ ಕೇಬಲ್ಲಿನ ಭಾರ ಇಳಿಸುತ್ತದೆ, ಗಾಳಿಯ ಭಾರ ಇಳಿಸುವುದಿಲ್ಲ. ಗಾಳಿಯ ಭಾರವನ್ನೂ ಇಳಿಸುವ ಒಂದು ಚಮತ್ಕಾರ ಇದೆ, ಮುಂದೆ ಬರುತ್ತದೆ.

◆ ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಶಿವಮೊಗ್ಗದಿಂದ ಬೆಂಗಳೂರಿಗೆ ಸುಮಾರು 300 ಕಿ.ಮೀ.; ಹೋಗಿ ಬರಲು 3 ಮಿಲಿಸೆಕೆಂಡು. ಅಮೆರಿಕದ ಪಶ್ಚಿಮ ಕರಾವಳಿಗೆ ನೇರ ದೂರವೇ 14 ಸಾವಿರ ಕಿ.ಮೀ. ಆಸುಪಾಸು, ಹೋಗಿ ಬರಲು ಕಡಿಮೆಯೆಂದರೂ 140 ಮಿಲಿಸೆಕೆಂಡು. ಅಷ್ಟೇನಾ ಎನ್ನಬೇಡಿ. ಸಂಪರ್ಕ ಕುದುರಿಸಲು ಒಮ್ಮೆ, ಮಾತು ಗುಟ್ಟಾಗಿಡುವ ಬೀಗದ ಕೈ ಬದಲಾಯಿಸಿಕೊಳ್ಳಲು ಒಮ್ಮೆ, ಬೇಕಾದ್ದನ್ನು ಕೇಳಲು ಒಮ್ಮೆ, ಹೀಗೆ ಮೂರು ಸಲ ಓಡಾಡಿದ ಮೇಲೆಯೇ ಮೊದಲ ಅಕ್ಷರ ಬರುವುದು. ಕಾದದ್ದು ಅರ್ಧ ಸೆಕೆಂಡಿನ ಹತ್ತಿರ. 5ಜಿ, 6ಜಿ ಏನೇ ಬರಲಿ, ಬೆಳಕಿನ ವೇಗ ಹೆಚ್ಚಿಸಲು ಯಾರಿಂದಲೂ ಆಗದು. ದೂರ ಕಡಿಮೆ ಮಾಡುವುದೊಂದೇ ದಾರಿ.

◆ ಕರ್ನಾಟಕಕ್ಕೆ 300 ಕಿ.ಮೀ.ಗೂ ಹೆಚ್ಚು ಉದ್ದದ ಕರಾವಳಿ ಇದೆ. ಆದರೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2023ರಲ್ಲಿ ಕೊಟ್ಟ ಪಟ್ಟಿಯಂತೆ ವಿದೇಶದ ಸಮುದ್ರದಾಳದ ಕೇಬಲ್‌ಗಳು ಭಾರತದ ನೆಲ ಮುಟ್ಟುವುದು ಮುಂಬೈ, ಚೆನ್ನೈ, ಕೊಚ್ಚಿ, ತೂತ್ತುಕುಡಿ, ತಿರುವನಂತಪುರಗಳಲ್ಲಿ ಮಾತ್ರ. ಮಂಗಳೂರು, ಕಾರವಾರ ಆ ಪಟ್ಟಿಯಲ್ಲಿಲ್ಲ. ಹೊರದೇಶದ ಸರ್ವರಿನಲ್ಲಿರುವ ಪುಟ ಮಲೆನಾಡಿಗೆ ಬರಬೇಕಾದರೆ ಪಕ್ಕದ ರಾಜ್ಯದ ಕಡಲತೀರ ಹಾದೇ ಬರಬೇಕು.

◆ 2008ರ ಜನವರಿ 30ರಂದು ಈಜಿಪ್ಟಿನ ಅಲೆಕ್ಸಾಂಡ್ರಿಯಾ ಬಳಿ ಸಮುದ್ರದ ಕೇಬಲ್‌ಗಳು ತುಂಡಾದವು. ಭಾರತದಲ್ಲಿ ಇಂಟರ್‌ನೆಟ್ ತೆವಳತೊಡಗಿತು. ಅಂಥ ಹೊತ್ತಿನಲ್ಲಿ ದೇಶದೊಳಗೇ ಪ್ರತಿ ಇಟ್ಟುಕೊಂಡ ತಾಣಗಳಿಗೆ ತೊಂದರೆ ಕಡಿಮೆ.

◆ ಇನ್ನೂ ಹಿಂದಿನ ಸಂಗತಿ. ಭಾರತದ ಎರಡು ಇಂಟರ್‌ನೆಟ್ ಕಂಪನಿಗಳ ಗ್ರಾಹಕರು ಪರಸ್ಪರ ಮೇಲ್ ಕಳಿಸಿದರೆ ಅದು ಒಮ್ಮೊಮ್ಮೆ ವಿದೇಶಕ್ಕೆ ಹೋಗಿ ತಿರುಗಿ ಬರುತ್ತಿತ್ತು. ಊರ ಸರಕು ಊರಲ್ಲೇ ಕೈ ಬದಲಾಗಲಿ ಎಂದು 2003ರಲ್ಲಿ ನಿಕ್ಸಿ ಎಂಬ ವಿನಿಮಯ ಕೇಂದ್ರ ಹುಟ್ಟಿತು. ಬೆಂಗಳೂರಿನಲ್ಲೂ ಅದರ ಕೇಂದ್ರವಿದೆ.

◆ ಕ್ಯಾಶ್ ಮೊದಲು ಹುಟ್ಟಿದ್ದು ಜಾಲದಲ್ಲಲ್ಲ, ಕಂಪ್ಯೂಟರಿನ ಹೊಟ್ಟೆಯೊಳಗೆ. ಮಾರಿಸ್ ವಿಲ್ಕ್ಸ್ ಎಂಬ ಇಂಗ್ಲಿಷ್ ವಿಜ್ಞಾನಿ 1965ರಲ್ಲಿ, ಅಂದರೆ ಭದ್ರಾವತಿ ಆಕಾಶವಾಣಿ ಹುಟ್ಟಿದ ವರ್ಷವೇ, ಈ ಕುರಿತು ಒಂದು ಪುಟ್ಟ ಪ್ರಬಂಧ ಬರೆದರು. 1968ರಲ್ಲಿ ಐಬಿಎಂ ಅದನ್ನು ಮಾರುಕಟ್ಟೆಯ ಯಂತ್ರಕ್ಕೆ ಇಳಿಸಿತು. ನಿಮ್ಮ ಫೋನಿನ ಚಿಪ್ಪಿನೊಳಗೆ ಈಗ ಅಂಥ ಎರಡು ಮೂರು ಅಂತಸ್ತುಗಳಿವೆ.

◆ ಜಾಲದ ಕಥೆಗೆ ಬಂದರೆ ಅದು ಅಮೆರಿಕದ ಎಂಐಟಿಯದು. ವೆಬ್‌ನ ಜನಕ ಟಿಮ್ ಬರ್ನರ್ಸ್-ಲೀ 1995ರಲ್ಲಿ ಸಹೋದ್ಯೋಗಿಗಳ ಮುಂದೆ ಒಂದು ಸವಾಲು ಇಟ್ಟರು: ಎಲ್ಲರೂ ಒಮ್ಮೆಗೇ ಒಂದು ತಾಣಕ್ಕೆ ಮುಗಿಬಿದ್ದರೆ ಏನು ಮಾಡುವುದು? ಗಣಿತಜ್ಞ ಟಾಮ್ ಲೇಟನ್, ಅವರ ಶಿಷ್ಯ ಡೇನಿಯಲ್ ಲೆವಿನ್ ಮತ್ತು ಸಂಗಡಿಗರು 1997ರಲ್ಲಿ ಉತ್ತರ ಪ್ರಕಟಿಸಿದರು. ಯಾವ ಕಡತ ಯಾವ ಸರ್ವರಿನಲ್ಲಿರಬೇಕು ಎಂದು ಹಂಚುವ ಸೂತ್ರ ಅದು. ಒಂದು ಸರ್ವರು ಕೆಟ್ಟು ನಿಂತರೆ ಅದರ ಪಾಲಿನ ಕಡತಗಳಷ್ಟೇ ಜಾಗ ಬದಲಿಸುತ್ತವೆ, ಉಳಿದವು ಕದಲುವುದಿಲ್ಲ. ಮರುವರ್ಷ ಅಕಮಾಯ್ ಕಂಪನಿ ಹುಟ್ಟಿತು. ಲೆವಿನ್ 2001ರ ಸೆಪ್ಟೆಂಬರ್ 11ರಂದು ಉಗ್ರರು ಅಪಹರಿಸಿದ ಮೊದಲ ವಿಮಾನದಲ್ಲಿದ್ದರು. ಆಗ ಅವರ ವಯಸ್ಸು 31. ಆ ದಿನ ಸುದ್ದಿ ತಾಣಗಳಿಗೆ ಲೋಕವೇ ಮುಗಿಬಿದ್ದಾಗ ಭಾರ ಹೊತ್ತ ವ್ಯವಸ್ಥೆಗಳಲ್ಲಿ ಅವರದೇ ಕಂಪನಿಯದೂ ಒಂದು.

◆ ಬಡಾವಣೆಯ ನೀರಿನ ಓವರ್‌ಹೆಡ್ ಟ್ಯಾಂಕನ್ನು ರಾತ್ರಿ ತುಂಬಿಸಿ ಬೆಳಿಗ್ಗೆ ಬಿಡುತ್ತಾರಲ್ಲ? ನೆಟ್‌ಫ್ಲಿಕ್ಸ್ ಮಾಡುವುದೂ ಅದನ್ನೇ. 2012ರಲ್ಲಿ ಬಹಿರಂಗಪಡಿಸಿದ ‘ಓಪನ್ ಕನೆಕ್ಟ್’ ಯೋಜನೆಯಲ್ಲಿ ಅದು ಸಿನಿಮಾ ತುಂಬಿದ ಸರ್ವರುಗಳನ್ನು ಇಂಟರ್‌ನೆಟ್ ಕಂಪನಿಗಳಿಗೆ ಪುಕ್ಕಟೆ ಕೊಡುತ್ತದೆ. ಜನ ಮಲಗಿದ ಹೊತ್ತಿನಲ್ಲಿ, ಕೇಬಲ್ ಖಾಲಿ ಇದ್ದಾಗ, ನಾಳೆ ಯಾರು ಏನು ನೋಡಬಹುದು ಎಂದು ಅಂದಾಜಿಸಿ ಅವುಗಳನ್ನು ತುಂಬಿಸಿಡುತ್ತಾರೆ. ಸಂಜೆ ನೀವು ಒತ್ತುವ ಹೊತ್ತಿಗೆ ಸಿನಿಮಾ ಹತ್ತಿರದ ಊರಿಗೆ ಬಂದು ಕೂತಿರುತ್ತದೆ. ಪುಕ್ಕಟೆ ಎಂದದ್ದು ದಾನಧರ್ಮವಲ್ಲ. ನೆಟ್‌ಫ್ಲಿಕ್ಸ್‌ಗೆ ಸಾಗಣೆ ವೆಚ್ಚ ಉಳಿಯುತ್ತದೆ, ಇಂಟರ್‌ನೆಟ್ ಕಂಪನಿಗೆ ಕೇಬಲ್ ಬಾಡಿಗೆ ಉಳಿಯುತ್ತದೆ. ಗೂಗಲ್ ಕೂಡ ಯೂಟ್ಯೂಬ್‌ಗಾಗಿ ಇಂಥದ್ದೇ ಸರ್ವರುಗಳನ್ನು ಕೊಡುತ್ತದೆ.

◆ ನೆಟ್‌ಫ್ಲಿಕ್ಸ್ ಎಂಜಿನಿಯರುಗಳು 2022ರಲ್ಲಿ ಒಂದೇ ಸರ್ವರಿನಿಂದ ಸೆಕೆಂಡಿಗೆ 800 ಗಿಗಾಬಿಟ್ ಹರಿಸಿ ತೋರಿಸಿದರು. ಒಬ್ಬರಿಗೆ ಸೆಕೆಂಡಿಗೆ 5 ಮೆಗಾಬಿಟ್ ಸಾಕು ಎಂದಿಟ್ಟರೆ 1 ಲಕ್ಷ 60 ಸಾವಿರ ಮಂದಿಗೆ ಆಯಿತು. 2011ರ ಜನಗಣತಿಯಲ್ಲಿ ಭದ್ರಾವತಿ ನಗರದ ಜನಸಂಖ್ಯೆ ಸುಮಾರು ಒಂದೂವರೆ ಲಕ್ಷ. ಕೂಸಿನಿಂದ ಮುದುಕರವರೆಗೆ ಇಡೀ ಊರಿಗೆ ಒಮ್ಮೆಗೇ ಬೇರೆ ಬೇರೆ ಸಿನಿಮಾ ತೋರಿಸಲು ಒಂದು ಸರ್ವರು ಸಾಕೆಂದಾಯಿತು! ಊರಿನ ಟವರುಗಳು ಅಷ್ಟನ್ನು ತಾಳುತ್ತವೆಯೇ ಎಂಬುದು ಬೇರೆ ಪ್ರಶ್ನೆ. ಉತ್ತರ: ಇಲ್ಲ.

◆ ಇಡೀ ಯೂಟ್ಯೂಬನ್ನು ಶಿವಮೊಗ್ಗದಲ್ಲಿ ತಂದಿಡಬೇಕೇ? ಬೇಡವೇ ಬೇಡ. ಜನ ಕೇಳುವುದರಲ್ಲಿ ಒಂದು ಕ್ರಮವಿದೆ. ಕೈಬೆರಳೆಣಿಕೆಯ ವಿಡಿಯೊಗಳನ್ನು ಊರೆಲ್ಲ ನೋಡುತ್ತದೆ. ಕೋಟಿಗಟ್ಟಲೆ ವಿಡಿಯೊಗಳನ್ನು ನೋಡುವವರೇ ಇಲ್ಲ. ಭಾಷೆಯ ಪದಬಳಕೆಯಲ್ಲಿ ಜಾರ್ಜ್ ಜಿಫ್ ಗುರುತಿಸಿದ ಈ ಬಗೆಯ ಇಳಿಜಾರು ವೆಬ್‌ಗೂ ಹೊಂದುತ್ತದೆ ಎಂದು 1999ರಲ್ಲಿ ಲೀ ಬ್ರೆಸ್ಲಾವ್ ಮತ್ತು ಸಂಗಡಿಗರು ತೋರಿಸಿದರು. ಆ ಅಧ್ಯಯನದ ಇನ್ನೊಂದು ಮಾತು ಕಹಿ: ಕ್ಯಾಶ್ ಎರಡು ಪಟ್ಟು ದೊಡ್ಡದಾದರೆ ಲಾಭ ಎರಡು ಪಟ್ಟಾಗುವುದಿಲ್ಲ, ತುಸುವೇ ಏರುತ್ತದೆ. ಹಾಗೆಯೇ ಬಳಸುವ ಜನ ಹೆಚ್ಚಿದಷ್ಟೂ ಬೇಕಾದ್ದು ಅದರಲ್ಲಿ ಸಿಗುವ ಸಂಭವ ಹೆಚ್ಚು.

◆ ಇದರಿಂದ ನಮ್ಮ ಎರಡು ಊರುಗಳಿಗೆ ಒಂದು ತೀರ್ಪು ತಾನಾಗಿ ಬರುತ್ತದೆ. ಶಿವಮೊಗ್ಗ, ಭದ್ರಾವತಿ ನಡುವೆ ಬಿ.ಎಚ್. ರಸ್ತೆಯಲ್ಲಿ 20 ಕಿ.ಮೀ. ಒಳಗಿನ ದೂರ. ಬೆಳಕಿಗೆ ಒಂದು ಮಿಲಿಸೆಕೆಂಡಿನ ಹತ್ತನೇ ಒಂದು ಪಾಲು. ಊರಿಗೊಂದು ಚಿಕ್ಕ ಕ್ಯಾಶ್ ಇಡುವುದಕ್ಕಿಂತ ಎರಡಕ್ಕೂ ಸೇರಿ ಒಂದು ದೊಡ್ಡದು ಇಟ್ಟರೆ ಅದೇ ದುಡ್ಡಿಗೆ ಹೆಚ್ಚು ಕೆಲಸ. ಪ್ರತಿಷ್ಠೆಗಾಗಿ ತಾಲ್ಲೂಕಿಗೊಂದು ಕೇಳುವವರು ಇಲ್ಲೂ ಹುಟ್ಟಿಕೊಂಡಾರು!

◆ ಜಾಗ ತುಂಬಿದಾಗ ಯಾವುದನ್ನು ಎಸೆಯಬೇಕು? ಹಂಗರಿಯಲ್ಲಿ ಹುಟ್ಟಿದ ಲಾಸ್ಲೊ ಬೆಲಾಡಿ 1966ರಲ್ಲಿ ತಪ್ಪೇ ಇಲ್ಲದ ಉತ್ತರ ಕೊಟ್ಟರು: ಮುಂದೆ ಎಲ್ಲಕ್ಕಿಂತ ತಡವಾಗಿ ಬೇಕಾಗುವುದನ್ನು ಎಸೆಯಿರಿ. ತೊಂದರೆ ಇಷ್ಟೇ, ಅದಕ್ಕೆ ಭವಿಷ್ಯ ಗೊತ್ತಿರಬೇಕು. ಹಾಗಾಗಿ ಎಲ್ಲರೂ ಉಲ್ಟಾ ಲೆಕ್ಕ ಹಾಕುತ್ತಾರೆ. ಬಹುಕಾಲದಿಂದ ಯಾರೂ ಮುಟ್ಟದ್ದನ್ನು ಹೊರಗೆ ಹಾಕುತ್ತಾರೆ.

◆ ಮೆಮೊರಿ ಕಾರ್ಡ್ ಅಂಗಡಿ ನೆನಪಿದೆಯೇ? ಬಸ್ ಸ್ಟ್ಯಾಂಡ್ ಸುತ್ತ, ಗಾಂಧಿ ಬಜಾರಿನ ಸಂದಿಯಲ್ಲಿ, ಕರೆನ್ಸಿ ಹಾಕುವ ಅಂಗಡಿಯ ಗಾಜಿಗೆ ‘ಇಲ್ಲಿ ಹಾಡು, ಸಿನಿಮಾ ತುಂಬಿಸಿಕೊಡಲಾಗುವುದು’ ಎಂಬ ಚೀಟಿ. ಒಳಗೆ ಧೂಳು ಹಿಡಿದ ಕಂಪ್ಯೂಟರು, ಅದಕ್ಕೆ ನೇತುಬಿದ್ದ ಕಾರ್ಡ್ ರೀಡರು. ಎರಡು ಜಿಬಿ ಕಾರ್ಡು ಕೊಟ್ಟು ‘ಅಣ್ಣಾ, ಹೊಸಾದು ಯಾವ್ದಿದೆ ಎಲ್ಲಾ ಹಾಕು’ ಎಂದರೆ, ಅಂಗಡಿಯವನು ಕೇಳುತ್ತಿದ್ದ ಪ್ರಶ್ನೆ ಒಂದೇ: ‘ಹಳೇದು ಅಳಿಸ್ಲಾ?’ ಯಾವುದು ಓಡುತ್ತದೆ ಎಂದು ಗೊತ್ತು ಮಾಡಿಕೊಂಡು ಮೊದಲೇ ಇಳಿಸಿಟ್ಟುಕೊಳ್ಳುವುದು, ಬಂದವರಿಗೆ ಕ್ಷಣದಲ್ಲಿ ಕೊಡುವುದು, ಜಾಗ ಸಾಲದಿದ್ದರೆ ಹಳೆಯದನ್ನು ತೆಗೆಯುವುದು: ಬೆಲಾಡಿಯ ಹೆಸರು ಕೇಳದೆಯೇ ಅವನು ಕ್ಯಾಶ್ ನಡೆಸುತ್ತಿದ್ದ. ಆ ಹಾಡುಗಳ ಹಕ್ಕು ಅವನದಲ್ಲ ಎಂಬುದೂ ನಿಜ, ಕಾನೂನಿನ ಕಣ್ಣಿಗೆ ಅದು ಕಳ್ಳಮಾಲೇ. ಆದರೆ 2ಜಿ ಕಾಲದ ಮಲೆನಾಡಿಗೆ ವಿಡಿಯೊ ಮುಟ್ಟಿಸಿದ್ದು ಟವರಲ್ಲ, ಅವನು.

◆ ಆ ಅಂಗಡಿಯವನ ಉಪಾಯವನ್ನೇ ಗೂಗಲ್ ಕಾನೂನುಬದ್ಧ ಮಾಡಿತು. ಯೂಟ್ಯೂಬ್‌ನಲ್ಲಿ ವಿಡಿಯೊ ಇಳಿಸಿಟ್ಟುಕೊಳ್ಳುವ ಸೌಲಭ್ಯ ಭಾರತಕ್ಕೆ ಬಂದದ್ದು 2014ರ ಡಿಸೆಂಬರಿನಲ್ಲಿ. 2016ರಲ್ಲಿ ‘ರಾತ್ರಿ ತಾನಾಗಿ ಇಳಿಯಲಿ’ ಎಂಬ ಆಯ್ಕೆ ಸೇರಿತು. ಮರುವರ್ಷ ಬಂದ ಯೂಟ್ಯೂಬ್ ಗೋ ಆ್ಯಪ್‌ನಲ್ಲಂತೂ ಪಕ್ಕದಲ್ಲಿ ಕೂತವನ ಫೋನಿಗೆ ಡೇಟಾ ಖರ್ಚಿಲ್ಲದೆ ವಿಡಿಯೊ ದಾಟಿಸಬಹುದಿತ್ತು. ಡೇಟಾ ಅಗ್ಗವಾಗುತ್ತ ಹೋದಂತೆ ಅದರ ಅಗತ್ಯ ಕುಗ್ಗಿತು, 2022ರಲ್ಲಿ ಮುಚ್ಚಿದರು. ಫೋನಿಂದ ಫೋನಿಗೆ ದಾಟಿಸುವ ಶೇರ್‌ಇಟ್ ಕೂಡ 2020ರ ಜೂನ್‌ನಲ್ಲಿ ನಿಷೇಧಗೊಂಡ 59 ಆ್ಯಪ್‌ಗಳಲ್ಲಿ ಸೇರಿಹೋಯಿತು.

◆ ಈಗ ಸಂಶೋಧಕರ ಪಾಳಿ. ಟವರುಗಳ ಬಳಿಯೇ ಸಣ್ಣ ಸಣ್ಣ ಸಹಾಯಕ ಪೆಟ್ಟಿಗೆಗಳನ್ನಿಟ್ಟು, ಕೇಬಲ್ ದುರ್ಬಲವಿದ್ದರೂ ಆ ಪೆಟ್ಟಿಗೆಗಳೊಳಗೆ ದೊಡ್ಡ ಹಾರ್ಡ್‌ಡಿಸ್ಕ್ ಇಟ್ಟುಬಿಟ್ಟರೆ? ‘ಫೆಮ್ಟೊಕ್ಯಾಶಿಂಗ್’ ಎಂಬ ಹೆಸರಿನ ಈ ವಿಚಾರ ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ತಂಡದಿಂದ 2012ರಲ್ಲಿ ಬಂತು. ಕೇಬಲ್ಲಿಗಿಂತ ಹಾರ್ಡ್‌ಡಿಸ್ಕ್ ಅಗ್ಗ ಎಂಬ ಸರಳ ಸತ್ಯ ಅದರ ಬೇರು. ಗುಡ್ಡ ಅಗೆದು ಕೇಬಲ್ ಎಳೆಯುವ ಕಷ್ಟ ಬಲ್ಲ ಮಲೆನಾಡಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

◆ ಚಮತ್ಕಾರ ಮುಂದೆ ಬರುತ್ತದೆ ಎಂದಿದ್ದೆನಲ್ಲ, ಇದೇ ಅದು. ಸ್ವಲ್ಪ ನಿಧಾನವಾಗಿ ಓದಿ.

ಒಂದೇ ಟವರಿನ ಕೆಳಗೆ ಇಬ್ಬರು, ಭದ್ರಾವತಿಯ ರಂಗಪ್ಪ ವೃತ್ತದ ಅಜ್ಜ ಮತ್ತು ಅಲ್ಲೇ ಪಕ್ಕದ ಮೊಮ್ಮಗಳು ಎನ್ನೋಣ. ಎರಡು ವಿಡಿಯೊ: ಯಕ್ಷಗಾನ ಮತ್ತು ಕ್ರಿಕೆಟ್. ಯಾರು ಯಾವುದನ್ನು ಕೇಳುತ್ತಾರೋ ಮೊದಲೇ ಗೊತ್ತಿಲ್ಲ. ಇಬ್ಬರ ಫೋನಿನಲ್ಲೂ ಒಂದು ವಿಡಿಯೊದಷ್ಟು ಜಾಗ ಖಾಲಿ ಇದೆ. ರಾತ್ರಿ ಟವರು ಏನು ಮಾಡುತ್ತದೆಂದರೆ, ಎರಡೂ ವಿಡಿಯೊಗಳನ್ನು ಅರ್ಧರ್ಧ ಮಾಡಿ, ಮೊದಲರ್ಧಗಳೆರಡನ್ನೂ ಅಜ್ಜನ ಫೋನಿಗೆ, ಎರಡನೆಯ ಅರ್ಧಗಳೆರಡನ್ನೂ ಮೊಮ್ಮಗಳ ಫೋನಿಗೆ ಹಾಕಿಡುತ್ತದೆ. ಬೆಳಿಗ್ಗೆ ಅಜ್ಜ ಯಕ್ಷಗಾನ ಕೇಳಿದರು, ಮೊಮ್ಮಗಳು ಕ್ರಿಕೆಟ್ ಕೇಳಿದಳು. ಅಜ್ಜನಿಗೆ ಯಕ್ಷಗಾನದ ಎರಡನೆಯ ಅರ್ಧ ಬೇಕು, ಅದು ಮೊಮ್ಮಗಳ ಬಳಿ ಇದೆ. ಅವಳಿಗೆ ಕ್ರಿಕೆಟ್‌ನ ಮೊದಲರ್ಧ ಬೇಕು, ಅದು ಅಜ್ಜನ ಬಳಿ ಇದೆ. ಮಾಮೂಲಾದರೆ ಟವರು ಎರಡು ತುಣುಕನ್ನೂ ಬೇರೆ ಬೇರೆ ಕಳಿಸಬೇಕು.

ಅದರ ಬದಲು ಎರಡನ್ನೂ ಕೂಡಿಸಿ ಒಂದೇ ಸಲ ಗಾಳಿಗೆ ಬಿಟ್ಟರೆ? ಕಂಪ್ಯೂಟರಿಗೆ ವಿಡಿಯೊ ಎಂದರೆ ಬರೀ ಅಂಕಿ. ಯಕ್ಷಗಾನದ ತುಣುಕು 7, ಕ್ರಿಕೆಟ್‌ನ ತುಣುಕು 5 ಎಂದಿಟ್ಟುಕೊಳ್ಳಿ. ಟವರು 12 ಎಂದು ಕೂಗುತ್ತದೆ. ಅಜ್ಜನ ಫೋನಿಗೆ 5 ಗೊತ್ತು. ಕಳೆದರೆ 7 ಸಿಕ್ಕಿತು. ಮೊಮ್ಮಗಳ ಫೋನಿಗೆ 7 ಗೊತ್ತು. ಕಳೆದರೆ 5 ಸಿಕ್ಕಿತು. ಬೇರೆ ಬೇರೆ ಬೇಡಿಕೆ, ಒಂದೇ ಪ್ರಸಾರ. ಜನ ಹೆಚ್ಚಿದಂತೆ ಉಳಿತಾಯವೂ ಹೆಚ್ಚು. ಬೆಲ್ ಲ್ಯಾಬ್ಸ್‌ನಲ್ಲಿದ್ದ ಮೊಹಮ್ಮದ್ ಅಲಿ ಮದ್ದಾ-ಅಲಿ ಮತ್ತು ಉರ್ಸ್ ನೀಸನ್ 2014ರಲ್ಲಿ ಈ ಉಪಾಯದ ಪ್ರಬಂಧ ಪ್ರಕಟಿಸಿದ ಬಳಿಕ ‘ಕೋಡೆಡ್ ಕ್ಯಾಶಿಂಗ್’ ಒಂದು ಶಾಖೆಯಾಗಿಯೇ ಬೆಳೆಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಬಿ. ಸುಂದರ್ ರಾಜನ್ ಮತ್ತು ಅವರ ಶಿಷ್ಯರು ಈ ವಿಷಯದಲ್ಲಿ ಸಾಲುಸಾಲು ಪ್ರಬಂಧ ಬರೆದಿದ್ದಾರೆ. ನೋಡಿ, ಸುತ್ತಿ ಬಳಸಿ ಮತ್ತೆ ಆಕಾಶವಾಣಿಯ ಗುಣಕ್ಕೇ ಬಂದಂತಾಯಿತು: ಒಂದು ಕೂಗು, ಹಲವು ಕಿವಿ. ನಿಮ್ಮ ಫೋನಿಗೆ ಇದು ಇನ್ನೂ ಬಂದಿಲ್ಲ. ಬೇರೆಯವರ ಬೇಡಿಕೆಗಾಗಿ ನಮ್ಮ ಫೋನಿನ ಜಾಗ ಮತ್ತು ಬ್ಯಾಟರಿ ಬಿಟ್ಟುಕೊಡಲು ಒಪ್ಪಬೇಕಲ್ಲ?

◆ ಹಾಗಾದರೆ ಟವರಿನಲ್ಲೇ ಕ್ಯಾಶ್ ಇಡಲು ಅಡ್ಡಿ ಏನು? ಎರಡು ಅಡ್ಡಿ. 4ಜಿಯಲ್ಲಿ ನಿಮ್ಮ ಬೇಡಿಕೆಯನ್ನು ಟವರು ಓದುವುದೇ ಇಲ್ಲ. ಅದನ್ನೊಂದು ಸುರಂಗಕ್ಕೆ ಹಾಕಿ ದೊಡ್ಡ ನಗರದಲ್ಲಿರುವ ಕಂಪನಿಯ ಕೇಂದ್ರಕ್ಕೆ ತಳ್ಳುತ್ತದೆ. ಅಲ್ಲಿಂದಾಚೆಗೇ ಇಂಟರ್‌ನೆಟ್ ಶುರು. ಎರಡನೆಯದು ಗುಟ್ಟಿನ ಬೀಗ, ಅಂದರೆ ಎನ್‌ಕ್ರಿಪ್ಷನ್. 2016ರ ಹೊತ್ತಿಗೇ ಯೂಟ್ಯೂಬ್‌ನ ಶೇ 97ರಷ್ಟು ಸಂಚಾರ ಬೀಗ ಹಾಕಿದ ರೂಪದಲ್ಲಿತ್ತು. ನಡುವಿನ ಕಂಪನಿಗೆ ಹಾದುಹೋಗುವುದು ಏನೆಂದೇ ತಿಳಿಯದು, ತಿಳಿಯದ್ದನ್ನು ಎತ್ತಿಟ್ಟುಕೊಂಡು ಇನ್ನೊಬ್ಬರಿಗೆ ಕೊಡಲಾಗದು. ಅದಕ್ಕೇ ವಿಡಿಯೊದ ಒಡೆಯರೇ ತಮ್ಮ ಸರ್ವರು ತಂದಿಡುವ ಪದ್ಧತಿ ಬೆಳೆದದ್ದು. 5ಜಿಯಲ್ಲಿ ಆ ಸುರಂಗದ ಬಾಯಿಯನ್ನು ಜಿಲ್ಲಾ ಕೇಂದ್ರದವರೆಗೂ ತರಬಹುದು. ಇಂಥ ಅಂಚಿನ ವ್ಯವಸ್ಥೆಗೆ ನಿಯಮ ರೂಪಿಸುವ ಕೆಲಸ ಯುರೋಪಿನ ಎಟ್ಸಿ ಸಂಸ್ಥೆಯಲ್ಲಿ 2014ರಲ್ಲಿ ಆರಂಭವಾಯಿತು.

◆ ಸುರಂಗದ ಬಾಯಿಯನ್ನು ಹಾಗೆ ಹತ್ತಿರ ತರದಿದ್ದರೆ ಒಂದು ವಿಚಿತ್ರ ಆಗುತ್ತದೆ. ಬಿ.ಎಚ್. ರಸ್ತೆ ಪಕ್ಕ ಜೆಸಿಬಿ ಕೇಬಲ್ ಕಿತ್ತುಹಾಕಿತು, ಬದಲಿ ದಾರಿಯೂ ಇಲ್ಲ ಎನ್ನಿ. ವಿಡಿಯೊ ಶಿವಮೊಗ್ಗದ ಸರ್ವರಿನಲ್ಲೇ ಇದ್ದರೂ ಶಿವಮೊಗ್ಗದ 4ಜಿ ಫೋನಿಗೆ ಸಿಗುವುದಿಲ್ಲ, ಸುರಂಗದ ಬಾಯಿ ದೂರದ ಊರಿನಲ್ಲಿರುವುದರಿಂದ.

◆ ಕ್ರಿಕೆಟಿಗ ಗುಂಡಪ್ಪ ವಿಶ್ವನಾಥ್ ಹುಟ್ಟಿದ್ದು ಭದ್ರಾವತಿಯಲ್ಲಿ. 1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯಾ ವಿರುದ್ಧ ತಮ್ಮ ಮೊದಲ ಟೆಸ್ಟ್‌ನಲ್ಲೇ ಸೊನ್ನೆಗೆ ಔಟಾಗಿ, ಎರಡನೆಯ ಇನಿಂಗ್ಸ್‌ನಲ್ಲಿ 137 ಹೊಡೆದಾಗ ಊರು ಅದನ್ನು ತಿಳಿದದ್ದು ರೇಡಿಯೊದಿಂದ, ಪತ್ರಿಕೆಯಿಂದ. 2023ರ ವಿಶ್ವಕಪ್ ಫೈನಲನ್ನು ಹಾಟ್‌ಸ್ಟಾರ್‌ನಲ್ಲಿ ಒಂದೇ ಹೊತ್ತಿಗೆ 5.9 ಕೋಟಿ ಮಂದಿ ನೋಡಿದರು. ನೇರ ಪ್ರಸಾರವನ್ನು ಮೊದಲೇ ತುಂಬಿಸಿಡಲು ಆಗುವುದಿಲ್ಲವಲ್ಲ, ಹೇಗೆ ಸಾಧ್ಯವಾಯಿತು? ಪ್ರಸಾರವನ್ನು ಕೆಲವೇ ಸೆಕೆಂಡುಗಳ ತುಣುಕು ಮಾಡುತ್ತಾರೆ. ಒಂದು ಊರಿನ ಕ್ಯಾಶ್‌ಗೆ ಆ ತುಣುಕನ್ನು ಮೊದಲು ಕೇಳಿದವನಿಗಾಗಿ ಒಮ್ಮೆ ತರಿಸುತ್ತಾರೆ, ಆ ಕ್ಷಣದಲ್ಲೇ ಕೇಳಿದ ಉಳಿದ ಸಾವಿರಾರು ಮಂದಿಗೆ ಅದೇ ಪ್ರತಿ ಹಂಚುತ್ತಾರೆ. ತುಣುಕು ಮಾಡಿ, ಸಾಗಿಸಿ, ನಾಲ್ಕಾರನ್ನು ಕೂಡಿಟ್ಟು ತೋರಿಸುವಷ್ಟರಲ್ಲಿ ತಡವಾಗುತ್ತದೆ. ನಿಮ್ಮ ಮೊಬೈಲಿನಲ್ಲಿ ಬೌಲರ್ ಇನ್ನೂ ಓಡಿಬರುತ್ತಿರುವಾಗಲೇ ಪಕ್ಕದ ಮನೆಯ ಕೇಬಲ್ ಟಿವಿಯವರು ಸಿಕ್ಸರ್ ಎಂದು ಕಿರುಚುವುದು ಇದಕ್ಕೇ.

◆ ಕ್ಯಾಶ್ ಮಾಡಲೇಬಾರದ ಸಂಗತಿಗಳೂ ಇವೆ, ಹಳೆಯ ಪ್ರತಿ ತೋರಿಸಿದರೆ ಮೋಸವಾಗುವಂಥವು. ಯುಪಿಐ ಬ್ಯಾಲೆನ್ಸು ಒಂದು. ಪಹಣಿ ಇನ್ನೊಂದು.

◆ ಅಡಿಕೆ ಧಾರಣೆ ಕ್ಯಾಶ್ ಮಾಡಬಹುದಾದದ್ದು, ಮಾಡಬಾರದ್ದು ಇವೆರಡರ ನಡುವೆ ಬರುತ್ತದೆ. ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಶಿವಮೊಗ್ಗ ಮಾರುಕಟ್ಟೆಯ ದರ ನೋಡುವ ಬೆಳೆಗಾರನಿಗೆ ನಿನ್ನೆಯ ಪಟ್ಟಿ ಕಾಣಿಸಿದರೆ ಅದು ತಪ್ಪು ಮಾಹಿತಿಗೆ ಸಮ. ಹಾಗೆಂದು ಪ್ರತಿ ಸೆಕೆಂಡೂ ಹೊಸದಾಗಿ ತರಿಸುವ ಅಗತ್ಯವೂ ಇಲ್ಲ, ದರ ದಿನಕ್ಕೊಮ್ಮೆ ಬದಲಾಗುವಂಥದ್ದು. ಇದಕ್ಕಾಗಿ ಪ್ರತಿ ಪುಟದ ಬೆನ್ನಿಗೆ ಒಂದು ಆಯುಷ್ಯ ಬರೆದಿರುತ್ತಾರೆ, ಸೆಕೆಂಡುಗಳ ಲೆಕ್ಕದಲ್ಲಿ. 300 ಎಂದಿದ್ದರೆ ಐದು ನಿಮಿಷದ ನಂತರ ಪ್ರತಿ ಹಳಸಿತು, ಮತ್ತೆ ಮೂಲದಲ್ಲಿ ವಿಚಾರಿಸಬೇಕು. ಆ ಅಂಕಿ ಎಷ್ಟಿರಬೇಕೆಂದು ತೀರ್ಮಾನಿಸುವುದು ಎಂಜಿನಿಯರ್ ಕೆಲಸ ಎಂದುಕೊಳ್ಳುತ್ತೇವೆ. ಮಂಡಿಯ ವ್ಯವಹಾರ ಬಲ್ಲವರನ್ನು ಕೇಳಿ ಮಾಡುವುದು ಮೇಲು.

◆ ವಾಟ್ಸ್‌ಆ್ಯಪ್‌ನಲ್ಲಿ ಬೆಳಗಿನ ‘ಶುಭೋದಯ’ ಚಿತ್ರವನ್ನು ಹತ್ತು ಗುಂಪಿಗೆ ಫಾರ್ವರ್ಡ್ ಮಾಡಿದರೂ ಕಣ್ಣುಮಿಟುಕಿಸುವುದರೊಳಗೆ ಹೋಗುತ್ತದೆ. ಏಕೆಂದರೆ ಫಾರ್ವರ್ಡ್ ಆಗುವ ಚಿತ್ರ ನಿಮ್ಮ ಫೋನಿಂದ ಮತ್ತೆ ಏರಬೇಕಿಲ್ಲ. ಬೀಗ ಹಾಕಿದ ಒಂದು ಪ್ರತಿಯನ್ನು ಕಂಪನಿಯ ಸರ್ವರು ತಾತ್ಕಾಲಿಕವಾಗಿ ಇಟ್ಟುಕೊಂಡಿರುತ್ತದೆ. ಹೂವಿನ ಚಿತ್ರಗಳಿಗೆ ಇಷ್ಟು ಗೌರವ!

◆ ಕನ್ನಡ ವಿಕಿಪೀಡಿಯದ ಪುಟ ತೆರೆದರೆ ಅದು ಸಾಮಾನ್ಯವಾಗಿ ಸಿಂಗಪುರದಿಂದ ಬರುತ್ತದೆ. ವಿಕಿಮೀಡಿಯ ಸಂಸ್ಥೆ 2018ರಲ್ಲಿ ಏಷ್ಯಾದ ಓದುಗರಿಗಾಗಿ ಅಲ್ಲಿ ಕ್ಯಾಶ್ ಕೇಂದ್ರ ತೆರೆಯಿತು. ಆದರೆ ಲಾಗಿನ್ ಆಗಿ ಬರೆಯುವವರಿಗೆ ಈ ಸೌಕರ್ಯ ಪೂರ್ತಿ ಸಿಗದು. ಅವರ ಪುಟ ಪ್ರತಿ ಸಲ ಅಮೆರಿಕದ ಮುಖ್ಯ ಸರ್ವರಿನಲ್ಲಿ ಸಿದ್ಧವಾಗಿ ಬರಬೇಕು. ಓದುವವರಿಗೆ ಬೇಗ, ಬರೆಯುವವರಿಗೆ ತಡ.

◆ ‘ಕ್ಲಿಯರ್ ಕ್ಯಾಶ್ ಮಾಡಿ, ಫೋನ್ ಫಾಸ್ಟ್ ಆಗುತ್ತೆ’ ಎಂಬುದು ಅರ್ಧ ಸತ್ಯ. ಫೋನ್ ತುಂಬಿದ್ದರೆ ಜಾಗ ಸಿಗುತ್ತದೆ, ನಿಜ. ಆದರೆ ಆ್ಯಪ್ ಎತ್ತಿಟ್ಟುಕೊಂಡ ಚಿತ್ರಗಳನ್ನೆಲ್ಲ ಮತ್ತೆ ಡೇಟಾ ಖರ್ಚು ಮಾಡಿ ಇಳಿಸಿಕೊಳ್ಳಬೇಕು. ಪಕ್ಕದಲ್ಲೇ ಇರುವ ‘ಕ್ಲಿಯರ್ ಡೇಟಾ’ ಮುಟ್ಟುವಾಗ ಹುಷಾರು, ಅದು ಲಾಗಿನ್, ಸೆಟ್ಟಿಂಗ್ ಎಲ್ಲವನ್ನೂ ಒರೆಸಿಹಾಕುತ್ತದೆ.

◆ 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ಭಾರತದಲ್ಲಿ ಪ್ರಮುಖ ವಿಡಿಯೊ ಕಂಪನಿಗಳು ಸೇರಿ ಮೊಬೈಲ್ ಜಾಲದಲ್ಲಿ 480ಪಿಗಿಂತ ಹೆಚ್ಚಿನ ಸ್ಪಷ್ಟತೆ ಕೊಡುವುದಿಲ್ಲ ಎಂದು ಏಪ್ರಿಲ್ 14ರವರೆಗೆ ಒಪ್ಪಿಕೊಂಡವು. ಕ್ಯಾಶ್ ಎಷ್ಟಿದ್ದರೂ ಗಾಳಿಯ ಪಾಲು ಸೀಮಿತ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

◆ ಅದೇ ವರ್ಷ ಶಿವಮೊಗ್ಗ ಜಿಲ್ಲೆಯ ಮಕ್ಕಳು ಆನ್‌ಲೈನ್ ಪಾಠಕ್ಕೆ ಛತ್ರಿ ಹಿಡಿದು ಗುಡ್ಡ ಹತ್ತಿದರು. ರಾಜ್ಯ ಶಿಕ್ಷಣ ಇಲಾಖೆಯ ಡಿಎಸ್‌ಇಆರ್‌ಟಿ ‘ಸಂವೇದ’ ಪಾಠಗಳನ್ನು ದೂರದರ್ಶನ ಚಂದನದಲ್ಲಿ ಬಿತ್ತರಿಸಿತು. ಲಕ್ಷಾಂತರ ಮಕ್ಕಳಿಗೆ ಒಂದೇ ಪಾಠ ಮುಟ್ಟಬೇಕಾದಾಗ ಪ್ರಸಾರವೇ ಸರಿಯಾದ ದಾರಿ ಎಂದು ಆಗ ಯಾರೋ ಸರಿಯಾಗಿ ಯೋಚಿಸಿದ್ದರು.

◆ ಕೊನೆಗೊಂದು ಕಟು ಮಾತು. ಹೊಸನಗರ, ಸಾಗರ ಕಡೆಯ ಹಳ್ಳಿಗಳಲ್ಲಿ ‘ನೋ ನೆಟ್‌ವರ್ಕ್, ನೋ ವೋಟಿಂಗ್’ ಫಲಕಗಳು ಎದ್ದದ್ದು ವಿಡಿಯೊ ನಿಧಾನ ಎಂದಲ್ಲ, ಸಿಗ್ನಲ್ಲೇ ಇಲ್ಲ ಎಂದು. ಟವರೇ ಇಲ್ಲದಲ್ಲಿ ಕ್ಯಾಶ್ ಮಾತು ವ್ಯರ್ಥ. ಕೇಂದ್ರ ಸರ್ಕಾರ 2022ರ ಜುಲೈನಲ್ಲಿ ದೇಶದ 24,680 ಸಿಗ್ನಲ್ ಇಲ್ಲದ ಹಳ್ಳಿಗಳಿಗೆ 4ಜಿ ಕೊಡಲು 26,316 ಕೋಟಿ ರೂಪಾಯಿಯ ಯೋಜನೆ ಒಪ್ಪಿತು, ಹೊಣೆ ಬಿಎಸ್‌ಎನ್‌ಎಲ್‌ನದು. ಮೊದಲು ಟವರು, ಆಮೇಲೆ ಕೇಬಲ್ಲು, ಕ್ಯಾಶ್ ಅದರ ನಂತರ. ಈ ಅನುಕ್ರಮ ತಪ್ಪಿಸಿ ‘ಸ್ಮಾರ್ಟ್’ ಎಂದು ಭಾಷಣ ಬಿಗಿಯುವವರು ಒಮ್ಮೆ ಮಳೆಗಾಲದಲ್ಲಿ ಹುಲಿಕಲ್ ಘಾಟಿಯಲ್ಲಿ ನಿಂತು ಫೋನ್ ಮಾಡಿ ನೋಡಲಿ.

◆ ನಿಮ್ಮ ಸಿನಿಮಾ ಯಾವ ಊರಿನಿಂದ ಬರುತ್ತಿದೆ ಎಂದು ಈಗಲೇ ನೋಡಬಹುದು. ಮೊಬೈಲಿನ ಬ್ರೌಸರಿನಲ್ಲಿ ಫಾಸ್ಟ್ ಡಾಟ್ ಕಾಮ್ ತೆರೆಯಿರಿ. ಅದು 2016ರಿಂದ ನೆಟ್‌ಫ್ಲಿಕ್ಸ್ ನಡೆಸುವ ವೇಗ ಪರೀಕ್ಷೆ; ತನ್ನ ಕ್ಯಾಶ್ ಸರ್ವರುಗಳಿಂದಲೇ ಅಳೆಯುತ್ತದೆ. ಅಂಕಿ ನಿಂತ ಮೇಲೆ ‘ಹೆಚ್ಚಿನ ಮಾಹಿತಿ’ ಗುಂಡಿ ಒತ್ತಿದರೆ ಕೆಳಗೆ ಸರ್ವರುಗಳ ಊರಿನ ಹೆಸರು ಬರುತ್ತದೆ. ಒಮ್ಮೆ ಮೊಬೈಲ್ ಡೇಟಾದಲ್ಲಿ, ಒಮ್ಮೆ ಮನೆಯ ವೈಫೈಯಲ್ಲಿ ನೋಡಿ, ಎರಡೂ ಊರು ಒಂದೇ ಆಗಿರಬೇಕೆಂದೇನಿಲ್ಲ. ಯಾವ ಊರು ಬಂತೆಂದು ಪತ್ರಿಕೆಗೆ ಬರೆದು ತಿಳಿಸಿ.